ಒಲೆಯ ಬದಿಯ ಸರದಿ

ನಾಮಪತ್ರ ಸಲ್ಲಿಸಲು ಕಡೆಯ ಗಳಿಗೆ ಸಂಜೆ ಐದು.
ಯಾರ ಗಡಿಯಾರದ ಐದು? ಎಂದು ಕೇಳಿದ ಹಾಲ್ವರ್ ಮೋ.
ಅವನದು ಸದಾ ಹನ್ನೆರಡು ನಿಮಿಷ ಮುಂದೆ,
ರೈಲು ತಪ್ಪಿಸಿಕೊಂಡ ದಿನದಿಂದ.
ನಕ್ಕರು. ಸ್ಟೇಷನ್ನಿನ ಗಡಿಯಾರ ಎಂದು ಬರೆಸಿದರು.
ನಾನು ಬರೆದೆ.

ಉತ್ತರ ಡಕೋಟಾ, ಸಾವಿರದ ಒಂಬೈನೂರ ಎಂಟು, ಮಾರ್ಚ್.
ಕಚೇರಿಯ ಕಿಟಕಿಗೆ ಒಳಗಿನಿಂದಲೇ ಹಿಮ.
ಆರು ಗಂಡಸರು, ಒಂದು ದೀಪ, ಒಂದು ಉಗುಳುಬಟ್ಟಲು,
ತಿಂಗಳಿಗೆ ಮೂವತ್ತು ಡಾಲರಿನ ನಾನು, ಥೇಯಾ ಲೋಕನ್,
ದುಂಡು ಅಕ್ಷರಕ್ಕೆ ಹೆಸರಾದವಳು.

ಹೋದ ಸಲದವರೆಗೂ ಅಭ್ಯರ್ಥಿ ಹುಟ್ಟುತ್ತಿದ್ದುದು
ಹೋಟೆಲಿನ ಹಿಂದಿನ ಕೋಣೆಯಲ್ಲಿ.
ಬಾಗಿಲು ತೆರೆದರೆ ಮೊದಲು ಚುಟ್ಟದ ಹೊಗೆ,
ಹೊಗೆಯ ಹಿಂದೆ ಒಬ್ಬ ಷೆರಿಫ್, ಒಬ್ಬ ಖಜಾಂಚಿ,
ಕೊನೆಯಲ್ಲಿ ರೈಲು ಕಂಪನಿಯ ವಕೀಲ, ಮೀಸೆ ಒರೆಸಿಕೊಳ್ಳುತ್ತ.
ಈಗ ಪಕ್ಷದ ಹುರಿಯಾಳನ್ನು ಜನರೇ ಆರಿಸಬೇಕಂತೆ.

ಎಷ್ಟು ಸಹಿ? ನೂರು, ಎಂದ ಬ್ಯಾಂಕಿನವನು.
ನಮ್ಮ ಪಡುವಣ ಸೀಮೆಯಲ್ಲಿ ನೂರು ಬೇಕೆಂದರೆ
ಸತ್ತವರನ್ನೂ ಎಬ್ಬಿಸಬೇಕು, ಎಂದ ಹಾಲ್ವರ್.
(ಎಬ್ಬಿಸಿದ್ದೂ ಉಂಟು, ತೊಂಬತ್ತಾರರಲ್ಲಿ. ಯಾರೂ ಬಾಯಿ ಬಿಡಲಿಲ್ಲ.)
ಇಪ್ಪತ್ತೈದಕ್ಕೆ ಇಳಿಯಿತು. ಠೇವಣಿ ಹತ್ತು ಡಾಲರ್,
ಅಂದರೆ ಕೊಬ್ಬಿದ ಒಂದು ಹಂದಿ.

ತಂಟೆ ಶುರುವಾದದ್ದು ಹೆಸರಿನ ಸಾಲಿಗೆ.
ಅಕ್ಷರಮಾಲೆಯಂತೆ ಹೋದರೆ ಆಸೆನ್ ಎಂದೆಂದೂ ಮೇಲೆ,
ವೋಲ್ಡ್ ಎಂದೆಂದೂ ಪಾತಾಳದಲ್ಲಿ.
ಓದು ಬಾರದವನು ಮೊದಲ ಹೆಸರಿಗೇ ಗೀಟು ಹಾಕುತ್ತಾನೆ;
ಓದು ಬಲ್ಲವನೂ, ಹೊರಗೆ ಚಳಿಯಲ್ಲಿ ಕುದುರೆ ಕಾಯುತ್ತಿದ್ದರೆ.
ಒಂದು ಗಂಟೆ. ಎರಡು. ಕಲ್ಲಿದ್ದಲು ಮುಗಿಯಿತು.

ಆಗ ನಾನು ಮಾತಾಡಿದೆ. ಆಡಬಾರದಿತ್ತೇನೋ.
ನಾವು ಏಳು ಮಕ್ಕಳು, ಹುಲ್ಲುಹೆಂಟೆ ಪೇರಿಸಿದ ಮನೆ,
ಒಲೆಯ ಬದಿ ಬೆಚ್ಚಗಿನ ಜಾಗ ಒಂದೇ.
ಅವ್ವ ಜಗಳ ಬಿಡಿಸಲಿಲ್ಲ, ಸರದಿ ಹಾಕಿದಳು:
ಇವತ್ತು ಒಲೆಯ ಪಕ್ಕ ಮಲಗಿದವನು ನಾಳೆ ಬಾಗಿಲ ಪಕ್ಕ,
ಉಳಿದವರು ಒಂದೊಂದು ಮೊಳ ಒಲೆಯತ್ತ.
ಹೆಸರೂ ಹಾಗೇ ಸರಿಯಲಿ. ಐವತ್ತು ಚೀಟಿಗೊಮ್ಮೆ
ಮೇಲಿನದು ಕೆಳಕ್ಕೆ.

ಬ್ಯಾಂಕಿನವನು ಕನ್ನಡಕ ತೆಗೆದು ಒರೆಸಿದ.
‘ಅಧ್ಯಕ್ಷರು ಸೂಚಿಸಿದಂತೆ’ ಎಂದು ಬರೆಸಿದರು. ಬರೆದೆ.
ಮುಂದಿನ ಕಲಮು, ಯಾರು ಮತ ಹಾಕಬಹುದು:
‘ಇಪ್ಪತ್ತೊಂದು ತುಂಬಿದ ಪ್ರತಿಯೊಬ್ಬ ಪುರುಷ.’
ಅದನ್ನೂ ಬರೆದೆ, ಅಷ್ಟೇ ದುಂಡಗೆ.

ಏಪ್ರಿಲಿನಲ್ಲಿ ಹಾಲ್ವರನೇ ಬಂದ, ಸಹಿ ಇಪ್ಪತ್ತಾರು.
ಸ್ಟೇಷನ್ನಿನಲ್ಲಿ ಐದು ಗಂಟೆ ಮೂರು ನಿಮಿಷ.
ನನ್ನದು ಮುಂದಿದೆಯಲ್ಲ ಅಂತ ದಾರಿಯಲ್ಲಿ ಕಾಫಿಗೆ ಕೂತೆ, ಎಂದ.
ನಾನು ಕೈ ಚಾಚಲಿಲ್ಲ. ಅವನೂ ಬೇಡಲಿಲ್ಲ.
ಕಿಸೆಯಿಂದ ಗಡಿಯಾರ ತೆಗೆದು
ಅಲ್ಲೇ ನಿಂತು ಮುಳ್ಳು ತಿರುಗಿಸಿ ಸರಿಮಾಡಿಕೊಂಡ.

ಜೂನ್. ಅಚ್ಚುಮನೆಯಿಂದ ಚೀಟಿ ಬಂದವು, ಮಸಿ ಇನ್ನೂ ಹಸಿ.
ಐವತ್ತೈವತ್ತರ ಕಟ್ಟಿಗೆ ನಾನೇ ದಾರ ಸುತ್ತಿದೆ.
ಇದರಲ್ಲಿ ಆಸೆನ್ ಮೇಲೆ, ಅದರಲ್ಲಿ ವೋಲ್ಡ್.
ಬಾಗಿಲ ಪಕ್ಕದ ರಾತ್ರಿ, ಸಂದಿನಿಂದ ಹಿಮದ ಪುಡಿ
ಕಂಬಳಿಯ ಮೇಲೆ ಬೀಳುತ್ತಿತ್ತು.
ಅತ್ತರೆ ಅವ್ವ ಕತ್ತಲಲ್ಲೇ ಲೆಕ್ಕ ಹೇಳುತ್ತಿದ್ದಳು:
ನಾಳೆ ಒಂದು ಮೊಳ, ನಾಡಿದ್ದು ಇನ್ನೊಂದು.
ಬೆರಳಲ್ಲಿ ಮಸಿ. ಸೋಪಿಗೆ ಹೋಗಲಿಲ್ಲ, ಸೀಮೆಎಣ್ಣೆಗೂ.