ಸೆಲ್ವಿನ್ನನ ಎಡಗಿವಿ

ಮೇಜಿನ ಮೇಲೆ ಮೂರು ಪೆಟ್ಟಿಗೆ.
ಒಂದು ನಿಜದ್ದು. ಎರಡು ಬರೀ ಚಿತ್ರ,
ಸಿಂಪಿ ಬಿಡಿಸುವ ಚಾಕುವಿನಲ್ಲೇ ಕ್ಯಾಟಲಾಗಿನಿಂದ ಕೊಯ್ದದ್ದು.
ಬ್ಲಫ್ ಬಂದರಿನ ಗಾಳಿ ಶೆಡ್ಡಿನ ತಗಡನ್ನು
ಎತ್ತಿ ಎತ್ತಿ ಇಣುಕುತ್ತಿದೆ
ನನ್ನ ಹತ್ತಿರ ಎಷ್ಟಿದೆಯೋ ಎಣಿಸಲು.

ಎಣಿಸಿಕೋ. ಮಾರ್ಚಿನಿಂದ ಆಗಸ್ಟು,
ಡಜನ್ನಿಗಿಷ್ಟು ಎಂದು ಬಿಡಿಸಿದ ಎರಡು ಹಂಗಾಮು
ಇಂಜಿನ್ನಿನ ಹೊಟ್ಟೆಗೇ ಹೋಯಿತು.
ಎಂಥ ಇಂಜಿನ್ನು! ಪಿಸ್ಟನ್ ಇಲ್ಲ, ವಾಲ್ವಿಲ್ಲ,
ಏರು ಇಳಿ ಎಂಬ ಒದ್ದಾಟವೇ ಇಲ್ಲ;
ನಡು ಸಣ್ಣಗಾದ ಕೋಣೆಯೊಳಗೆ
ಬದಿಯುಬ್ಬಿದ ತ್ರಿಕೋನವೊಂದು
ಗೋಡೆ ಸವರುತ್ತ ಸವರುತ್ತ ತಿರುಗುತ್ತದೆ,
ಕತ್ತಲಲ್ಲಿ ಸ್ವಿಚ್ಚು ಹುಡುಕುವವರ ಹಾಗೆ.
ಅದು ಒಂದು ಸುತ್ತು ಬಂದರೆ ಶಾಫ್ಟು ಮೂರು.

ಮೂಲೆಗೊಂದು ಸೀಲು, ನನ್ನ ಚಾಕುವಿನ ಅಲಗಿನಷ್ಟೇ ದಪ್ಪ.
ಪೆಟ್ರೋಲು ಒಂದು ಗುಟುಕು ಕಡಿಮೆ ಬೀಳಲಿ,
ಕಿಡಿ ಕೂದಲೆಳೆಯಷ್ಟು ಮುಂಚೆ ಹಾರಲಿ,
ಒಳಗೊಂದು ಟಿಕ್.
ಕುಂಬಾರನಿಗೆ ವರುಷ — ಮಿಕ್ಕದ್ದು ನಿಮಗೆ ಗೊತ್ತು.

ಹುಟ್ಟಿನಿಂದ ಬಂದ ಕಂಪ್ಯೂಟರಿಗೆ
ಚಿಕ್ಕ ಟರ್ಬೊ ಎರಡರ ಮಗ್ಗಿ ಮಾತ್ರ ಬಾಯಿಪಾಠ.
ನಾನೀಗ ದೊಡ್ಡದೊಂದನ್ನು ಕೂರಿಸಿದ್ದೇನೆ.
ಹದಿನೇಳರ ಮಗ್ಗಿ ಕೇಳಿದರೂ ಅದು
ಎರಡೊಂದ್ಲ ಎರಡು ಅನ್ನುತ್ತದೆ, ಕೈಕಟ್ಟಿ ನಿಂತು.

ಮೊದಲ ಚಿತ್ರದ್ದು ಹಳೇ ಸಾಕೆಟ್ಟಿಗೇ ಕೂರುತ್ತದಂತೆ,
ಒಂದೂ ತಂತಿ ಕತ್ತರಿಸದೆ. ಆದರೆ ಕಿವುಡು.
ಎರಡನೆಯದಕ್ಕೆ ಕಿವಿಯಿದೆ, ರೋಟರಿಗೊಂದು;
ಬೆಲೆ ನೋಡಿ ಮಗುಚಿಟ್ಟೆ.
ಟಿಪೆನೆ ಅದನ್ನೇ ಮತ್ತೆ ಮತ್ತೆ ತಿರುಗಿಸಿಡುತ್ತಾನೆ —
ಚಿಕ್ಕಮ್ಮನ ಮಗ, ಕೊಡುವವಳು ನಾನಲ್ಲವೆ.

ಮೂರನೆಯದು, ನಿಜದ್ದು: ಬೂದು ಡಬ್ಬಿ,
ನಾಲ್ಕು ತೂತಿಗೆ ಎರಡೇ ತಿರುಪು,
ಮುಚ್ಚಳದ ಮೇಲೆ ಯಾರದೋ ರೇಸಿನ ನಂಬರು.
ಅದರ ಜೊತೆ ಮಾತಾಡಬಲ್ಲ ಲ್ಯಾಪ್‌ಟಾಪು ಈ ದಕ್ಷಿಣದಲ್ಲಿ ಒಂದೇ,
ಅದರ ಒಡೆಯನೂ ಒಬ್ಬನೇ: ಸೆಲ್ವಿನ್ ಪೋಕಾಕ್.
ಇಂಜಿನ್ನಿಗೆ ತಾಮ್ರದ ನಳಿಗೆ ಬಿಗಿದು, ನಳಿಗೆಗೆ ರಬ್ಬರು ಕೊಳವೆ,
ಕೊಳವೆಯನ್ನು ಎಡಗಿವಿಗಿಟ್ಟು
ಮೂವತ್ತು ವರ್ಷ ಇನ್ವರ್‌ಕಾರ್ಗಿಲ್ಲಿನ ರೋಟರಿಗಳ
ನಾಡಿ ನೋಡಿದವ.
ನಿಜ ಹೇಳಬೇಕೆಂದರೆ ನಾನು ಡಬ್ಬಿ ಆರಿಸಿರಲಿಲ್ಲ,
ಆ ಕಿವಿಯನ್ನು ಆರಿಸಿದ್ದೆ.

ಶನಿವಾರ ಬಂದ. ಟೀ ಬೇಡವೆಂದ.
ಕೊಳವೆ ಕಿವಿಗಿಟ್ಟು, ಕಣ್ಣು ಮುಚ್ಚಿ, ಬೆನ್ನು ತಿರುಗಿಸಿ ಕೂತು
"ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟು," ಎಂದ,
"ಉಗುರು ತಾಗಿದಷ್ಟು."
ತಟ್ಟಿದೆ.
ಗಾಳಿ ತಗಡು ಎತ್ತಿತು, ಇಳಿಸಿತು.
ತಟ್ಟಿದೆ. ಟಿಪೆನೆ ನನ್ನ ಮುಖ ನೋಡಿದ.
ಇನ್ನೊಮ್ಮೆ.
"ಹ್ಞೂಂ, ಯಾಕೆ ತಡ? ತಟ್ಟು," ಎಂದ ಸೆಲ್ವಿನ್.

ನಾವು ಏನೂ ಹೇಳಲಿಲ್ಲ. ಹೇಳಬೇಕಾಗಲೂ ಇಲ್ಲ.
ಕೊಳವೆ ಸುತ್ತಿದ, ದೋಣಿಯವರು ಹಗ್ಗ ಸುತ್ತುವಷ್ಟು ಅಚ್ಚುಕಟ್ಟಾಗಿ;
ಬೂದು ಡಬ್ಬಿಯನ್ನು ಚೀಲಕ್ಕೆ ಹಾಕಿದ;
ಮಗುಚಿದ್ದ ಚಿತ್ರವನ್ನು ತಾನೇ ತಿರುಗಿಸಿ
ಬೆಲೆಯನ್ನು ಹೆಬ್ಬೆರಳಿನಿಂದ ಮರೆಮಾಡಿ
"ಇದು," ಎಂದ. "ಇದಕ್ಕೆ ಕೇಳಿಸುತ್ತೆ."

ಇನ್ನೊಂದು ಹಂಗಾಮು ಬಿಡಿಸಿದೆ.
ಸಿಂಪಿಯ ಕೀಲು ಬಿಡುವ ಸದ್ದು ಕಿವಿಗೆ ಬರುವುದಿಲ್ಲ,
ಫ್ಯಾಕ್ಟರಿಯಲ್ಲಿ ರೇಡಿಯೋ ಜೋರು;
ಮಣಿಕಟ್ಟಿಗೆ ಬರುತ್ತದೆ.

ಈಗ ಹೊಸ ಪೆಟ್ಟಿಗೆ ಕೂತಿದೆ.
ಮುಚ್ಚಳ ಪ್ಲಾಸ್ಟಿಕ್ಕೆಂದು ಸೆಲ್ವಿನ್ ಬೈಯುತ್ತಾನೆ,
ತೆರೆಯ ಮೇಲೆ ಬಣ್ಣ ಜಾಸ್ತಿಯೆಂದು ಬೈಯುತ್ತಾನೆ,
ಪಕ್ಕದ ಸೀಟಿನಲ್ಲಿ ಕೂತು, ಬಾಗಿಲಿನ ತಗಡಿಗೆ ಅಂಗೈ ಒತ್ತಿ.
ರೋಲರಿನ ಮೇಲೆ ಚಕ್ರಗಳು ಎಲ್ಲಿಗೂ ಹೋಗದೆ ಓಡುತ್ತವೆ.
ಏನಂತೆ ಅದು? ಎಂದು ಹುಬ್ಬೆತ್ತುತ್ತಾನೆ.
ನಾನು ಹೆಬ್ಬೆರಳು ತೋರುಬೆರಳು ಕೂಡಿಸಿ ತೋರಿಸುತ್ತೇನೆ:
ಸೊನ್ನೆ.
"ಹಾಗಾದರೆ ಇನ್ನರ್ಧ ಡಿಗ್ರಿ," ಎನ್ನುತ್ತಾನೆ,
ಇಂಜಿನ್ನಿಗಿಂತ ಜೋರಾಗಿ.