ಹಿತ್ತಾಳಿ ಪಟ್ಟಿ

ಗೋಕುಲ ರಸ್ತೆಯ ನಮ್ಮ ಶೆಡ್ಡಿನ್ಯಾಗ
ಎಡಗಡೆ ಮೂಲಿ ಹಿಡದು ನಿಂತ ಹಸರ ಲೇಥು
ನನಗಿಂತ ಎರಡ ವರ್ಷ ದೊಡ್ಡದು.
ಬಾಬಾಜಾನ ಉಸ್ತಾದ ಅದಕ್ಕ ‘ರಶಿಯಾದಾಕಿ’ ಅಂತಿದ್ದ.
ಉಳದ ಲೇಥಿಗೆಲ್ಲಾ ಬರೇ ಲೇಥು.

ಆಕಿ ಎದಿಮ್ಯಾಲೆ ಒಂದು ಹಿತ್ತಾಳಿ ಪಟ್ಟಿ.
ನಾಕು ಮೊಳಿ ಇದ್ವು, ಮೂರು ಉಳದಾವು.
ಅಂಕಿ ಅಷ್ಟ ಓದಾಕ ಬರತಿದ್ವು: ೧೯೭೪.
ಅಕ್ಷರದಾಗ ಒಂದು, ಬೋರಲ ಹಾಕಿದ ಕುರ್ಚಿ,
ಒಂದು, ಮೂರು ಹಲ್ಲಿನ ಹಣಿಗಿ.
ಪ್ರತಿ ಖಂಡೇನವಮಿಗೆ ಅದರ ಮ್ಯಾಲೆ ಇಬತ್ತಿ ಎಳದು
ಕುಂಕುಮ ಹಚ್ಚಿದ್ವಿ
ಓದಾಕ ಬರದ ದೇವರ ಹೆಸರಿಗೆ.

ಪೆಟಗಿಯೊಳಗ ಹುಲ್ಲು ತುಂಬಿ ಬಂದಿತ್ತಂತ,
ಹುಲ್ಲಿನ ಜೋಡಿ ಯಾವುದೋ ಪೇಪರು.
ಉಸ್ತಾದನ ಹೆಂಡತಿ ಹುಸೇನಬಿ
ಮಸಾಲಿ ಡಬ್ಬಿ ಕೆಳಗ ಹಾಸಿದ್ಲು.
ಅದರಾಗೊಂದು ಮದವಿ ಫೋಟೋ ಇತ್ತು:
ಮದಲಿಂಗ ನಗತಿದ್ದ, ಮದಲಗಿತ್ತಿ ಇಲ್ಲ.
ಅರಿಷಿಣ ಬಿದ್ದು ಬಿದ್ದು
ಕಡೀಕ ಇಬ್ಬರೂ ಕಾಣದಂಗಾದ್ರು.

ಯುದ್ಧ ಶುರುವಾದ ವರ್ಷ
ಮಾಲಕರ ತಂಗಿ ಮಗಳು ನೀಲಗಂಗಾ
ಅರ್ಧಾ ಡಾಕ್ಟರಕಿ ಕಲತು ಹೊಳ್ಳಿ ಬಂದ್ಲು.
ಬ್ಯಾಡಗಿಗೆ ಹೋಗಾಕ ಬಸ್ಸಿಗೆ ವ್ಯಾಳ್ಯಾ ಇತ್ತು,
ಚಾ ಕುಡಕೋತ ಶೆಡ್ಡಿನ್ಯಾಗ ಅಡ್ಡಾಡತಿದ್ಲು.
ಪಟ್ಟಿ ಮುಂದ ನಿಂತು
ಉಗುರಿಲೆ ಕುಂಕುಮ ಕೆರದ್ಲು.
ತುಟಿ ಅಲ್ಲಾಡಿದ್ವು.
‘ಮಾಮಾ, ಇದು ರಶಿಯಾ ಅಲ್ಲ.’
ಒಂದೂರ ಹೆಸರು ಹೇಳಿದ್ಲು.
ಎರಡ ಸಲ ಹೇಳಿಸಿಕೊಂಡೆ, ನನ್ನ ಬಾಯಾಗ ಕುಂದರಲಿಲ್ಲ.
ಸಣ್ಣ ಊರಂತ. ತಪ್ಪಿಸಿಕೊಂಡು ಬರೂ ಮುಂದ ರೈಲು
ಎರಡ ನಿಮಿಷ ನಿಂತಿತ್ತಂತ, ದೀಪ ಆರಿಸಿಕೊಂಡು.
ಯಾರೋ ಮುದುಕಿ ಕಿಟಕ್ಯಾಗ ಕೈಹಾಕಿ
ರೊಟ್ಟಿ ಕೊಟ್ಟು ಹೋದ್ಲಂತ.
ಮಾರಿ ಕಾಣಲಿಲ್ಲ ಅಂದ್ಲು.
ಬಸ್ಸು ಬಂತು.

ಆ ಊರಿನ ಚರಿತ್ರಿ ನನಗೇನು ಗೊತ್ತು.
ಗೊತ್ತಿರೂದು ಇಷ್ಟ:
ಎರಕ ಹೊಯ್ದವರು ಅವಸರ ಮಾಡಲಿಲ್ಲ,
ಬೆಡ್ಡು ಇವತ್ತಿಗೂ ಕೂದಲೆಳಿ ಬಾಗಿಲ್ಲ.
ಚಳಿ ಭಾಳ ಇರಬೇಕು,
ಹಿಡಿಕಿ ಎಲ್ಲಾ ದಪ್ಪ ದಪ್ಪ,
ಉಣ್ಣಿ ಕೈಚೀಲ ತೊಟ್ಟ ಕೈಯಳತಿಗೆ ಮಾಡಿದ್ದು;
ನಮ್ಮ ಮೇ ತಿಂಗಳದಾಗ ಅವು ಸುಡತಾವು.
ಗೇರ್ ಪೆಟಗಿ ಬಿಚ್ಚಿದ ದಿನ, ಒಳಮೈಗೆ,
ಯಾರೂ ನೋಡದ ಕಡೆ,
ಮೊಳಿಲೆ ಗೀಚಿದ ಒಂದು ಮೀನು.
ಬಲಗೈಯಂವ ಹಂಗ ಗೀಚಾಕ ಸಾಧ್ಯಿಲ್ಲ, ಎಡಚ ಅಂವ.
ಫೋರಮನ್ನ ಬೆನ್ನು ತಿರುವಿದಾಗ
ಹೊಳಿ ನೆನಪಾಗಿರಬೇಕು.

ಹಂಗಾರ ಅಲ್ಲೂ ಒಂದು ಭೋಂಗಾ ಇತ್ತು.
ಇಲ್ಲಿ ಮಿಲ್ಲಿನ ಭೋಂಗಾ ಕೂಗಿದ ಕೂಡಲೇ
ನಮ್ಮವ್ವ ಒಲಿಮ್ಯಾಲೆ ಹಂಚು ಇಡತಿದ್ಲು.
ಮಿಲ್ಲು ಮುಚ್ಚಿದ ಮರುದಿನಾನೂ ಇಟ್ಲು.
ಹಂಚು ಕೆಂಪಾಗುಮಟಾ ಸುಮ್ಮನ ಕುಂತಿದ್ಲು.
ಆ ಊರಾಗೂ ಯಾವಾಕಿಯೋ ಹಂಗ ಕುಂತಿರಬೇಕು.
ದೇಶದ ಹೆಸರು ಬದಲಾದ ವರ್ಷ
ಪಗಾರ ನಿಂತಿರಬೇಕು.
ಇಲ್ಲಿ ಉಸ್ತಾದನ ತೋರುಬೆರಳು ನುಂಗಿದಾಕಿ
ಅಲ್ಲಿ ಯಾರ ಬೆರಳು ನುಂಗಿ ಬಂದಿದ್ಲೋ.

ಹೋದ ವಾರ ಗುಜರಿಯಂವ ಬಂದು
ಕಿಲೋಕ್ಕ ಮೂವತ್ತೆಂಟು ಅಂದ.
ಪಟ್ಟಿ ತೋರಿಸಿ, ಇದಕ್ಕ ಬ್ಯಾರೆ ರೇಟು ಅಂದ, ಹಿತ್ತಾಳಿ.
ಮಾಲಕರು ನನ್ನ ಮಾರಿ ನೋಡಿದ್ರು.
ನಾನು ಎಣ್ಣಿ ಡಬ್ಬಿ ಹುಡುಕಾಡಿದಂಗ ಮಾಡಿದೆ.

ಇವತ್ತು ಅಣ್ಣಿಗೇರಿಯವರ ಪಂಪಿನ ಶಾಫ್ಟು ಹಚ್ಚೇನಿ.
ಅರ್ಧಾ ಆಗಿತ್ತು, ಕರೆಂಟು ಹೋತು.
ಕತ್ತಲದಾಗ ಆಕಿ ಇನ್ನೂ ತಿರಗತಾಳ,
ಸಾವಕಾಶ, ತನ್ನ ಭಾರಕ್ಕ ತಾನ.
ನಿಂದರುಮಟಾ ಕೈ ಹಚ್ಚಬಾರದು,
ಉಸ್ತಾದ ಕಲಿಸಿದ್ದ ಮೊದಲ ಪಾಠ.
ಕೈಕಟ್ಟಿ ನಿಂತೇನಿ.
ಆ ಊರಾಗ ಈಗ ಕರೆಂಟು ಐತೋ ಇಲ್ಲೋ.