ಡ್ರೈ ಅಂದರೆ

ರಾಣೆಬೆನ್ನೂರಿನ ಶಾಲೆಯಲ್ಲಿ ಹಲಗೇರಿ ಮಾಸ್ತರರು
ಮೇಜಿಗೊಮ್ಮೆ ಕೋಲು ಕುಟ್ಟಿ ಹೇಳಿದ್ದರು: ಡ್ರೈ ಅಂದರೆ ಒಣ.
ನಾವು ಮೂವತ್ತೆಂಟು ಬಾಯಿ, ಒಂದೇ ಉಸಿರಿಗೆ: ಒಣ.
ಅಲ್ಲಿಗೆ ಆ ಪದದ ಲೆಕ್ಕ ಚುಕ್ತಾ.
ಮುಂದಿನದು ಡಕ್, ಬಾತುಕೋಳಿ.

ಈಗ ವಾರಗಲ್ಲಿನಲ್ಲಿದ್ದೇನೆ.
ಅವ್ವ ಫೋನಿನಲ್ಲಿ, "ವಾರಂಗಲ್ಲೇನು?
ಹಂಗಾದ್ರ ದೂರ ಏನಲ್ಲ ಬಿಡು" ಅಂದಳು.
ಮೆಲ್ಬರ್ನಿನಿಂದ ಮೂಡಣಕ್ಕೆ ರೈಲು, ಎರಡು ತಾಸಿಗೆ ಚೂರು ಕಮ್ಮಿ.
ಹಸಿರು ದಿಣ್ಣೆ, ಕಪ್ಪುಬಿಳಿ ಹಸು,
ವಾರಕ್ಕೆ ನಾಲ್ಕು ದಿನ ತುಂತುರು.
ಡೆಸ್ಪಿನಾಳ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕೆಲಸ.

ಮೊದಲ ದಿನವೇ ಮಾಸ್ತರರು ಸುಳ್ಳಾದರು.
ದುಂಡು ಗಾಜಿನ ಬಾಗಿಲ ಹಿಂದೆ
ಕೋಟು, ಪ್ಯಾಂಟು, ಯಾರದೋ ಮದುವೆಯ ಗೌನು
ಘಾಟು ದ್ರವದಲ್ಲಿ ಮುಳುಗಿ ಏಳುತ್ತಿದ್ದವು.
"ಇದು ಒದ್ದೆಯಲ್ಲವಾ?" ಕೇಳಿದೆ.
"ನೀರಿಲ್ಲವಲ್ಲ," ಅಂದಳು ಡೆಸ್ಪಿನಾ, "ಅದಕ್ಕೇ ಡ್ರೈ."
ಏಕಾದಶಿಗೆ ಅವಲಕ್ಕಿ, ಹಾಲು, ಬಾಳೆಹಣ್ಣು, ಮತ್ತೊಂದಿಷ್ಟು ಉಪ್ಪಿಟ್ಟು ತಿಂದು
ಉಪವಾಸ ಎನ್ನುತ್ತಿದ್ದ ಸೋದರತ್ತೆ ನೆನಪಾಗಿ ಒಪ್ಪಿಕೊಂಡೆ.
ಅವಳಿಗೂ ಅದನ್ನು ಹೇಳಿದೆ, ಮುಖ ಸಡಿಲಿಸದೆ.
"ನೀನು ಭಾಳ ಡ್ರೈ," ಎಂದು ಬಿದ್ದು ಬಿದ್ದು ನಕ್ಕಳು.
ಆ ರಾತ್ರಿ ಮೊಣಕೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡೆ.

ಅದು ಹೊಗಳಿಕೆ ಎಂದು ತಿಳಿಯಲು ಒಂದು ಚಳಿಗಾಲ ಹಿಡಿಯಿತು.
ನಮ್ಮಲ್ಲಿ ಒಣ ಯಾವತ್ತು ಹೊಗಳಿಕೆಯಾಗಿತ್ತು?
ಒಣಜಂಬ, ಒಣಹರಟೆ,
ಹೆಣ್ಣು ನೋಡಿ ಹೋಗುವವರ ಒಣನಗೆ.
ಮರ್ಯಾದೆ ಇದ್ದದ್ದು ಬ್ಯಾಡಗಿಯ ಒಣಮೆಣಸಿನಕಾಯಿಗೆ ಮಾತ್ರ,
ಅದೂ ಪೇಟೆಯಲ್ಲಿ ದರ ಏರಿದಾಗ.

ಕ್ರಿಸ್‌ಮಸ್ಸಿಗೆ ಅವಳ ಗಂಡ ವೈನು ಸುರಿಯುತ್ತ
"ಇದು ಬಲು ಡ್ರೈ" ಅಂದ. ಸುರಿಯುತ್ತಲೇ ಇದ್ದ.
ಒಣಗಿದ್ದು ಲೋಟ ತುಂಬಿ ಮೇಜಿಗೆ ಚೆಲ್ಲಿತು.

ಟ್ರಫಾಲ್ಗರ್ ಕಡೆಯ ನೋರೀನ್, ಹಾಲಿನ ವ್ಯಾಪಾರದವಳು,
ನಲವತ್ತು ಹಸು ಡ್ರೈ ಎಂದಾಗ
ಅಯ್ಯೋ ಎಂದು ಅವಳ ಕೈ ಹಿಡಿದೆ, ಎಲ್ಲ ಗೊಡ್ಡು ಬಿದ್ದವೆಂದು.
ಅವಳು ತನ್ನ ಹೊಟ್ಟೆಯ ಮುಂದೆ ಗಾಳಿಯಲ್ಲೊಂದು ದುಂಡು ಬರೆದಳು.
ಕರು ಹಾಕುವ ಮುಂಚೆ ಕೆಚ್ಚಲಿಗೆ ಎರಡು ತಿಂಗಳು ರಜೆ, ಅಷ್ಟೆ.
ಒಳಗೆ ಎಲ್ಲ ಹಸಿ, ಒದೆಯುತ್ತಿದೆ.

ಇನ್ನು ಲೆಸ್ ಹೋರ್ಗನ್.
ಬೂದು ಸೂಟು ಕೌಂಟರಿನ ಮೇಲಿಟ್ಟು
"ಮಗಳ ಮದುವೆ, ಶನಿವಾರ" ಎಂದ.
ಜೇಬು ತಡಕುವುದು ನನ್ನ ಕೆಲಸ:
ಗುಂಡಿ, ಚೀಟಿ, ಹಲ್ಲುಕಡ್ಡಿ,
ಒಂದು ಹಿತ್ತಾಳೆಯ ಬಿಲ್ಲೆ. ನಾಣ್ಯವಲ್ಲ.
"ಅದು ಬೇಕು," ಕೈ ಚಾಚಿದ. "ಹನ್ನೊಂದು ವರ್ಷ ಡ್ರೈ."
ಕಿಟಕಿಯಾಚೆ ನೋಡಿದೆ. ಸುರಿಯುತ್ತಿತ್ತು.
"ಈ ಊರಲ್ಲೇ?" ಎಂದೆ.
ಅವನು ನಗಲಿಲ್ಲ. "ಈ ಊರಲ್ಲೇ,
ಮೂರು ಪಬ್ಬಿನ ನಡುವೆ ಮನೆ."

ಮನೆಗೆ ಬಂದು ಒಗ್ಗರಣೆ ಹಾಕುವಾಗ ಅರ್ಥವಾಯಿತು,
ಸಾಸಿವೆ ಸೀದುಹೋಯಿತು.
ಕುಡುಕನಿಗೆ ನಮ್ಮಲ್ಲಿ ಹತ್ತು ಹೆಸರು,
ಬಿಟ್ಟವನಿಗೆ ಒಂದೂ ಇಲ್ಲ.
ಬಿಟ್ಟಿದಾನಂತೆ, ಎನ್ನುತ್ತೇವೆ. ಆ ಅಂತೆಯನ್ನು ನಾವು ಬಿಡುವುದಿಲ್ಲ.
ನಮ್ಮ ಕಾಕಾ ಆರು ವರ್ಷ
ಆ ಅಂತೆಯೊಳಗೇ ಇದ್ದು ಹೋದ.

ಶುಕ್ರವಾರ ಸೂಟು ಪ್ಲಾಸ್ಟಿಕ್ಕಿನಲ್ಲಿ ತೂಗಿ ಕೊಟ್ಟೆ.
ಹೊರಗೆ ಮತ್ತೆ ಮಳೆ. ಅವನ ಹತ್ತಿರ ಕೊಡೆಯಿಲ್ಲ.
"ಡ್ರೈ ಆಗಿಯೇ ಇರಲಿ," ಎಂದೆ, ಸೂಟಿನ ಬಗ್ಗೆ.
ಅವನು ನನ್ನ ಮುಖ ನೋಡಿದ. ನಾನು ಸೂಟು ನೋಡಿದೆ.
"ನಾಳೆ ಒಂದು ದಿನ," ಎಂದ. "ಆಮೇಲೆ ನಾಡಿದ್ದು."
ತನ್ನ ಕೋಟು ಬಿಚ್ಚಿ ಸೂಟಿಗೆ ಹೊದಿಸಿ
ಕಾರಿನತ್ತ ನೆನೆಯುತ್ತ ನಡೆದ, ಓಡದೆ.

ಡೆಸ್ಪಿನಾ ಒಳಗಿನಿಂದ ಕೂಗಿದಳು: "ಏನಂದ?"
"ದುಡ್ಡು ಕೊಡೋದು ಮರೆತ," ಅಂದೆ.